ರುದ್ರಪ್ಪನವರು ಮಾಲೇರಿಗೆ ಹೋದದ್ದು

ಕೊಟ್ಟಿಗೆಹಾರದ ನನ್ನ ಬಟ್ಟೆ ಅಂಗಡಿಗೆ ಒಂದು ಬೆಳಿಗ್ಗೆ ಜಾವಳಿ ಊರಿನ ರುದ್ರಪ್ಪನವರು ಬಂದು, “ಸಾಹೇಬ್ರೆ, ನಿಜಾಮರ ಸೀಮೆಗೆ ಹೋಗ್ಬೇಕು. ನಿಮಗೆ ಉರ್ದು ಬರ್ತದೆ, ಜೊತೆಗೆ ಬನ್ನಿ” ಎಂದರು. ಅದು ಕೇಳಿದ್ದಲ್ಲ, ಅಪ್ಪಣೆ ಕೊಟ್ಟದ್ದು. ಯುದ್ಧದ ಈ ದಿನಗಳಲ್ಲಿ ರೈಲಿನೊಳಗೆ ಕಾಲಿಡುವುದೇ ಕಷ್ಟ. ಯುದ್ಧಕ್ಕೆ ಮೊದಲಿನ ಆ ನಿರಾಳ ಪ್ರಯಾಣ ಇಂದಿಗೂ ನೆನಪಾಗುತ್ತದೆ.

ಅವರ ಮಗ ಚಂದ್ರು ಭೂಗರ್ಭಶಾಸ್ತ್ರ ಓದಿ, ಕಾಫಿ ತೋಟ ನೋಡಿಕೊಳ್ಳುವುದು ಬಿಟ್ಟು, ಮಾಲೇರಿ ಎಂಬ ಹಳ್ಳಿಯ ಹತ್ತಿರ ನೆಲದಲ್ಲಿ ಹೂತ ಮೂಳೆ ಹುಡುಕುವ ಕೆಲಸಕ್ಕೆ ಸೇರಿದ್ದ. ಅಂದಿನಿಂದ ಅಪ್ಪ ಮಗನಿಗೆ ಮಾತಿಲ್ಲ, ಕಾಗದವಿಲ್ಲ. ತಾಯಿ ಗಂಗಮ್ಮನವರ ಕಣ್ಣೀರು ನೋಡಲಾರದೆ ರುದ್ರಪ್ಪನವರು ಮಗನನ್ನು ಕರೆತರಲು ಹೊರಟಿದ್ದರು. ಕಾಫಿ ಒಣಗಿಸಿ ಚೀಲ ಕಟ್ಟಿಯಾಗಿತ್ತು. ಗಿಡದಲ್ಲಿ ಹೂ ಅರಳಿಸುವ ಹೂಮಳೆಗೆ ಕಾಯುವ ಸಮಯ.

ಬಸ್ಸಿನಲ್ಲಿ ಕಡೂರಿಗೆ ಇಳಿದು ರೈಲು ಹಿಡಿದೆವು. ಗುಂತಕಲ್ಲು, ಸಿಕಂದರಾಬಾದು, ಕಾಜೀಪೇಟೆ ಎಂದು ಗಾಡಿ ಬದಲಿಸಿದಷ್ಟೂ ಸೆಕೆ ಏರಿತು. ಗಂಗಮ್ಮನವರು ಕಟ್ಟಿಕೊಟ್ಟ ಅಕ್ಕಿರೊಟ್ಟಿ ಸಿಕಂದರಾಬಾದಿಗೇ ಮುಗಿಯಿತು. ಆಮೇಲೆ ಸಿಕ್ಕ ಜೋಳದ ರೊಟ್ಟಿಯನ್ನು ರುದ್ರಪ್ಪನವರು ಗೊಣಗುತ್ತಲೇ ಎರಡು ಸಲ ಹಾಕಿಸಿಕೊಂಡರು. ಆಸಿಫಾಬಾದ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಎತ್ತಿನ ಗಾಡಿ ಹತ್ತಿದೆವು. ಒಂದು ರೂಪಾಯಿ ಕೇಳಿದ ಗಾಡಿಯವನು ನನ್ನ ಉರ್ದುವಿಗೆ ಸೋತು ಹನ್ನೆರಡಾಣೆಗೆ ಒಪ್ಪಿದ.

ಮಾಲೇರಿಯ ನೆಲವೆಲ್ಲ ಕೆಂಪು ಜೇಡಿ. ಕಾಡಿನ ನಡುವೆ ಅಲ್ಲಲ್ಲಿ ಬೋಳು ದಿಣ್ಣೆ, ಕೊರಕಲು. ಕೋಟ್ಯಂತರ ವರ್ಷಗಳ ಹಿಂದೆ ಹೊಳೆ ತಂದು ಹಾಸಿದ ಕೆಸರು ಹೀಗೆ ಗಟ್ಟಿಯಾಗಿದೆ ಎಂದು ಚಂದ್ರು ನನಗೆ ವಿವರಿಸಿದ. ಭಾರೀ ಡೈನೊಸಾರುಗಳು ಹುಟ್ಟುವ ಮೊದಲು ಅದೇ ಕುಲದ ಚಿಕ್ಕ ಪ್ರಾಣಿಗಳು ಇಲ್ಲಿ ಓಡಾಡಿದ್ದವಂತೆ. ಡೇರೆಯ ಮುಂದೆ ಟಾರ್ಪಾಲಿನ ಮೇಲೆ ಮೂಳೆಯ ಚೂರುಗಳನ್ನು ಕುತ್ತಿಗೆ, ಬೆನ್ನು, ಬಾಲ ಎಂದು ಸಾಲಾಗಿ ಜೋಡಿಸಿದ್ದ. ಚಳಿಗಾಲವಿಡೀ ಮಾಡಿದ ಕೆಲಸ ಅದು.

ಅಪ್ಪ ಮಗ ಮಾತ್ರ ನನ್ನ ಮೂಲಕವೇ ಮಾತಾಡಿದರು. “ಸಾಹೇಬ್ರೆ, ಊಟ ಸರಿಯಾಗಿ ಮಾಡ್ತಾನಾ ಕೇಳಿ.” “ಮಾಡ್ತೀನಿ ಅಂತ ಹೇಳಿ, ಸಾಹೇಬ್ರೆ.” ಎದುರುಬದುರು ಕೂತವರ ನಡುವೆ ತಾಳಮದ್ದಳೆಯ ಭಾಗವತನ ಹಾಗೆ ನಾನು. ನಗು ಬಂತು, ಸಂಕಟವೂ ಆಯಿತು.

ಮರುದಿನ ಮಧ್ಯಾಹ್ನ ಚಂದ್ರು ಕೊರಕಲಿಗೆ ಇಳಿದಿದ್ದ. ನಾನು ಡೇರೆಯೊಳಗೆ ಒರಗಿದ್ದೆ. ಗುಡುಗು ಕೇಳಿ ಹೊರಗೆ ಬಂದರೆ ಪಡುವಣದಲ್ಲಿ ಕಪ್ಪು ಮೋಡ, ಅಂಗಳದಲ್ಲಿ ಪಂಚೆ ಎತ್ತಿ ಕಟ್ಟಿದ ರುದ್ರಪ್ಪನವರು. ಕಣದಲ್ಲಿ ಹರಡಿದ ಕಾಫಿಗೆ ಮಳೆ ಬಂದರೆ ಏನು ಮಾಡುತ್ತೇವೋ ಅದನ್ನೇ ಮಾಡಿದ್ದರು. ಎಲ್ಲಾ ಮೂಳೆಗಳನ್ನೂ ಎರಡೂ ಕೈಯಲ್ಲಿ ಗೋರಿ ಒಂದೇ ರಾಶಿ ಹಾಕಿ, ಟಾರ್ಪಾಲು ಮಡಚಿ ಮುಚ್ಚಿ, ಅಂಚಿಗೆ ಕಲ್ಲು ಹೇರಿದ್ದರು. ಮಳೆ ನಾಲ್ಕು ಹನಿ ಉದುರಿಸಿ ಹೊರಟುಹೋಯಿತು.

ಏದುಸಿರು ಬಿಡುತ್ತಾ ಬಂದ ಚಂದ್ರುವಿಗೆ ಅವರು ನನ್ನ ಮೂಲಕವೇ ಹೆಮ್ಮೆಯಿಂದ ತಿಳಿಸಿದರು: “ಒಂದು ಚೂರೂ ನೆನೆದಿಲ್ಲ ಅಂತ ಹೇಳಿ, ಸಾಹೇಬ್ರೆ.”

ಚಂದ್ರು ಟಾರ್ಪಾಲು ಎತ್ತಿ, ರಾಶಿಯಿಂದ ಒಂದು ಚೂರು ತೆಗೆದು ಕುತ್ತಿಗೆಯದೋ ಬಾಲದ್ದೋ ಎಂದು ತಿರುಗಿಸಿ ನೋಡಿದ. “ಅಪ್ಪಯ್ಯ, ಇದು ಕಾಫಿ ಅಲ್ಲ. ಇವು ಕಾಣದ ಮಳೆ ಇಲ್ಲ” ಎಂದ.

ರುದ್ರಪ್ಪನವರು ತಮ್ಮ ಅಂಗೈ ನೋಡಿಕೊಂಡರು. “ನೀನು ಜೋಡಿಸಿಟ್ಟಿದ್ದು ನೋಡಿದ್ದೆ, ಮಾರಾಯ. ಮೋಡ ಕಂಡ ಮೇಲೆ ಕೈ ನಿಲ್ಲಬೇಕಲ್ಲ.”

ಇಬ್ಬರಿಗೂ ನನ್ನ ನೆನಪಿರಲಿಲ್ಲ. ನಾನು ಮೆಲ್ಲಗೆ ಡೇರೆಯೊಳಗೆ ಹೋದೆ.

ಮತ್ತೆ ಜೋಡಿಸಲು ಮಳೆಗಾಲದವರೆಗಾದರೂ ಬೇಕು ಎಂದ ಚಂದ್ರು. ಕೆಡಿಸಿದವನೇ ಕೂತು ಸರಿಮಾಡಬೇಕು ಎಂದು ರುದ್ರಪ್ಪನವರೂ ಉಳಿದರು. ಇನ್ನೆರಡು ದಿನ ಇಬ್ಬರ ಜಟಾಪಟಿ ಕೇಳುತ್ತಾ ಕೂತೆ; ಆಮೇಲೆ ನನಗೆ ಅಂಗಡಿಯ ಚಿಂತೆ. ಗಾಡಿ ಹೊರಟಾಗ ತಿರುಗಿ ನೋಡಿದೆ. ಅಪ್ಪ ಎತ್ತಿಕೊಟ್ಟ ಚೂರನ್ನು ಮಗ ತಲೆಯಾಡಿಸಿ ವಾಪಸು ಕೊಡುತ್ತಿದ್ದ.

ಕೊಟ್ಟಿಗೆಹಾರದಲ್ಲಿ ಬಸ್ಸು ನಿಂತಾಗ ಗಂಗಮ್ಮನವರು ಕಾಯುತ್ತಿದ್ದರು. ನನ್ನ ಹಿಂದೆ ಯಾರೂ ಇಳಿಯಲಿಲ್ಲ.

“ಮಗನ್ನ ಕರ್ಕೊಂಡು ಬರ್ತೀನಿ ಅಂದೋರು, ಇವರೆಲ್ಲಿ ಸಾಹೇಬ್ರೆ?”

“ಇಬ್ರೂ ಅಲ್ಲೇ ಇದ್ದಾರೆ, ಅಮ್ಮ.”

“ಮಾತಾಡ್ತಾರಾ?”

ಸುಳ್ಳು ಹೇಳಲು ನಾಲಿಗೆ ಬರಲಿಲ್ಲ. “ಚಂದ್ರು ಬೈತಾನೆ, ಯಜಮಾನ್ರು ತಿರುಗಿ ಬೈತಾರೆ. ಬೆಳಿಗ್ಗೆಯಿಂದ ಸಂಜೆವರೆಗೆ ಅದೇ.”

ಗಂಗಮ್ಮನವರು ಬಸ್ಸಿನ ಬಾಗಿಲು ಹಿಡಿದು ನಿಂತರು. “ಬೈತಾರಾ?” ಎಂದು ಇನ್ನೊಮ್ಮೆ ಕೇಳಿ, ಸೆರಗಿನಿಂದ ಕಣ್ಣೊರೆಸಿಕೊಂಡು, ನಗುತ್ತಾ ಜಾವಳಿಯ ದಾರಿ ಹಿಡಿದರು.