ಕಾಕಾರ ರಾಜ ಹಾರಿದ ದಿನ

ಮೊನ್ನೆ ಅಮೀನಗಡದಲ್ಲಿ ಬಸ್ಸು ನಿಂತಾಗ ತುಪ್ಪದಲ್ಲಿ ಹುರಿದ ಅಂಟಿನ ವಾಸನೆ ಕಿಟಕಿಯೊಳಗೆ ನುಗ್ಗಿತು. ಇಳಿದು ಒಂದು ಡಬ್ಬಿ ಕರದಂಟು ಕೊಂಡೆ. ಅದನ್ನು ತೊಡೆಯ ಮೇಲಿಟ್ಟುಕೊಂಡು ನಮ್ಮೂರು ಇಳಕಲ್ಲಿಗೆ ಹೊರಟವನಿಗೆ ದಾರಿಯುದ್ದಕ್ಕೂ ಎದುರು ಮನೆಯ ಕಾಕಾರದೇ ನೆನಪು.

ಎಂಬತ್ತರ ದಶಕದ ಮಾತು. ಕಾಕಾ ನೇಕಾರರು. ಅವರ ಮನೆಯ ಮುಂದಿನ ಖೋಲಿಯೇ ನಮ್ಮ ಚೆಸ್ ಕ್ಲಬ್ಬು. ವರ್ಷಕ್ಕೊಮ್ಮೆ ಬಾಗಲಕೋಟೆಯ ಕ್ಲಬ್ಬಿನವರು ನಮ್ಮೊಡನೆ ಆಡಲು ಬರುತ್ತಿದ್ದರು, ಬರುವಾಗ ಅಮೀನಗಡದಲ್ಲಿ ಇಳಿದು ಕರದಂಟಿನ ಡಬ್ಬಿ ತರುತ್ತಿದ್ದರು. ಗೆದ್ದವರೇ ಅದನ್ನು ಬಿಚ್ಚಬೇಕು, ಅದು ಪದ್ಧತಿ. ಪ್ರತಿ ಸಲವೂ ನಮ್ಮ ಖೋಲಿಯಲ್ಲೇ ಕೂತು ಅವರೇ ಬಿಚ್ಚಿ ನಮಗೊಂದು ತುಣುಕು ಕೊಡುತ್ತಿದ್ದರು. ಥೂ, ಗಂಟಲಲ್ಲಿ ಇಳಿಯುತ್ತಿರಲಿಲ್ಲ!

ಒಂದು ವರ್ಷ ಕಾಕಾರ ಹೆಂಡತಿ, ನಮ್ಮೆಲ್ಲರ ಕಾಕೂ, ಚಹಾ ತಂದಿಟ್ಟು ಎಲ್ಲರೆದುರೇ ಹೇಳಿಬಿಟ್ಟರು: "ಈ ಸಲಾನೂ ಗೆಲ್ಲಲಿಲ್ಲಂದ್ರ ಈ ಖೋಲ್ಯಾಗ ಪವರ್‌ಲೂಮ್ ಹಾಕಸ್ತೇನಿ ನೋಡ್ರಿ. ಸೋಲಾಕ ಒಂದು ಖೋಲಿ ಬ್ಯಾರೆ ಬೇಕಾ?"

ನಮಗೆ ದಿಗಿಲಾಯಿತು. ಕಾರಣ, ನಾಲ್ಕನೆಯ, ಅಂದರೆ ಕೊನೆಯ ಬೋರ್ಡಿನಲ್ಲಿ ಆಡುವವರು ಸ್ವತಃ ಕಾಕಾ. ಅವರು ಕಲಿತದ್ದು ಹಳೆಯ ದೇಸಿ ಚದುರಂಗ. ಅದರಲ್ಲಿ ಶಹ, ಅಂದರೆ ಚೆಕ್, ಬೀಳದ ರಾಜ ಒಮ್ಮೆ ಕುದುರೆಯ ಹಾಗೆ ಹಾರಬಹುದು. ಪಂದ್ಯದ ನಿಯಮದಲ್ಲಿ ಅದೆಲ್ಲ ಇಲ್ಲ.

"ಕಾಕಾ, ರಾಜ ಹಾರಂಗಿಲ್ರಿ" ಎಂದು ವಾರವಿಡೀ ತಲೆಗೆ ತುಂಬಿದೆವು.

"ಹಾರದಿದ್ರ ಅವ ಎಂಥಾ ರಾಜನೋ ತಮ್ಮಾ?" ಎನ್ನುತ್ತಿದ್ದರು.

ಪಂದ್ಯದ ದಿನ ನಾನೊಬ್ಬ ಗೆದ್ದೆ, ಇನ್ನೊಬ್ಬ ಗೆದ್ದ, ಮೂರನೆಯವ ಸೋತ. ಉಳಿದದ್ದು ಕಾಕಾರ ಆಟ. ಸಮ ಮಾಡಿಕೊಂಡರೂ ಪಂದ್ಯ ನಮ್ಮದೇ, ಆದರೆ ಅವರ ಬಳಿ ಉಳಿದಿದ್ದದ್ದು ರಾಜನೊಬ್ಬನೇ. ಎದುರು ಕೂತಿದ್ದ ಬಾಗಲಕೋಟೆಯ ವಕೀಲರೊಬ್ಬರ ಪ್ಯಾದೆ ಕೊನೆಯ ಸಾಲು ಮುಟ್ಟಿ ಆಗಷ್ಟೇ ವಜೀರ, ಅಂದರೆ ರಾಣಿ, ಆಗಿತ್ತು. ಕಾಕಾ ಬೆವರು ಒರೆಸಿಕೊಂಡು, ರಾಜನನ್ನೆತ್ತಿ... ಹಾರಿಸಿಯೇ ಬಿಟ್ಟರು!

ಬಾಗಲಕೋಟೆಯವರು ಬಿದ್ದು ಬಿದ್ದು ನಕ್ಕರು. "ಇದೇನ್ರಿ, ರಾಜಗ ರೆಕ್ಕಿ ಬಂದಾವೇನು?" ಎಂದರು ವಕೀಲರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಕಾಕಾ ಮುಖ ಕೆಂಪಗೆ ಮಾಡಿಕೊಂಡು ರಾಜನನ್ನು ಹಿಂದಕ್ಕಿಟ್ಟು, ಪಕ್ಕದ ಮೂಲೆಯ ಮನೆಗೆ ಸರಿಸಿದರು. ವಕೀಲರು ನಗುತ್ತಲೇ, ಸರಿಯಾಗಿ ನೋಡದೆ, ವಜೀರನನ್ನು ಹತ್ತಿರ ತಂದು ಕುಕ್ಕಿದರು.

ನಗು ತಟ್ಟನೆ ನಿಂತಿತು. ರಾಜನಿಗೆ ಶಹ ಇಲ್ಲ, ಆದರೆ ಕಾಲಿಡಲು ಒಂದು ಮನೆಯೂ ಇಲ್ಲ. ನಡೆಯೇ ಇಲ್ಲದ ಆಟ ಸಮ. ಪಂದ್ಯ ನಮ್ಮದು!

ಬಾಗಿಲ ಹಿಂದಿನಿಂದ ಕಾಕೂ ಕೇಳಿದರು: "ಸಮಾ ಅಂದ್ರ ಏನ್ರೋ? ಖೋಲಿ ಉಳೀತೋ ಇಲ್ಲೋ?"

"ಉಳೀತ್ರೀ ಕಾಕೂ!"

ಅವರು ಹೊಸ್ತಿಲ ಮೇಲೆ ಕುಸಿದು ಕುಳಿತು ಸೆರಗಿನಿಂದ ಕಣ್ಣೊರೆಸಿಕೊಂಡರು. "ಸದ್ಯ! ಸಿಟ್ಟಿನ್ಯಾಗ ಆಡಿಬಿಟ್ಟಿದ್ದೆ. ಈ ಖೋಲಿ ಇಲ್ಲದ ಇವ್ರು ಇರ್ತಿದ್ರೇನೋ?" ಕಾಕಾ ಡಬ್ಬಿಯ ದಾರ ಬಿಚ್ಚಲು ಕೂತರು. ಎಂಥ ಗಂಟನ್ನೂ ಬಿಡಿಸುವ ನೇಕಾರನಿಗೆ ಅಂದು ಅದೊಂದು ಗಂಟು ಬಿಚ್ಚಲಾಗಲಿಲ್ಲ. ಕೊನೆಗೆ ಕಾಕೂ ಹಲ್ಲಿನಿಂದ ಕಚ್ಚಿ ಹರಿದರು.

ಕಾಕಾ ಈಗಿಲ್ಲ. ಕ್ಲಬ್ಬೂ ಇಲ್ಲ. ಖೋಲಿಯಲ್ಲಿ ಮೊಮ್ಮಗನ ಪವರ್‌ಲೂಮ್ ಖಟಖಟ ಎನ್ನುತ್ತದೆ. ಮೊನ್ನೆ ಆ ಸದ್ದಿನ ನಡುವೆ ಎರಡೆರಡು ಸಲ ಕೂಗಿದ ಮೇಲೆ ಕಾಕೂ ಹೊರಬಂದರು. ಡಬ್ಬಿ ಕೈಗಿಟ್ಟೆ. ಬಿಚ್ಚಲಿಲ್ಲ, ಅದರ ಮೇಲೆ ಕೈಯಾಡಿಸುತ್ತ ನನ್ನ ಮುಖ ನೋಡಿದರು.

"ಯಾರ್ ಗೆದ್ರೋ ತಮ್ಮಾ?"

"ಕಾಕಾ ಗೆದ್ರು ರೀ" ಎಂದೆ.

ಆಮೇಲೆ ಬಿಚ್ಚಿದರು.