ಬೇರು ಅಗಿದು ನಂಬುವ ಅನುಮಾನದಕ್ಕ

ಬಿಸಿಲು ಇನ್ನೂ ಗೋಡೆ ಹತ್ತಿಲ್ಲ. ಔಷಧಿ ಕಾರ್ಖಾನೆಯ ಹಿಂದಿನ ತೋಟದಲ್ಲಿ ಅನುಮಾನದಕ್ಕ ಆಗಲೇ ಮೊಣಕಾಲೂರಿ ಕೂತು, ಬೇರು ಒಣಗಿಸುವ ಚಪ್ಪರದಡಿಯ ಕಸವನ್ನು ಕಡ್ಡಿಯಲ್ಲಿ ಕೆದಕುತ್ತಿದ್ದಾರೆ. ಬೇಲಿಯ ತಂತಿ ಎಳೆದು ನೋಡುತ್ತಾರೆ. ಒದ್ದೆ ಮಣ್ಣಿನ ಮೇಲೊಂದು ಹೆಜ್ಜೆ ಕಂಡರೆ ತಮ್ಮ ಚಪ್ಪಲಿ ಪಕ್ಕಕ್ಕಿಟ್ಟು ಅಳೆಯುತ್ತಾರೆ. ಅದು ಅವರದೇ ಹೆಜ್ಜೆ. ಆದರೂ ಇನ್ನೊಮ್ಮೆ ಅಳೆಯುತ್ತಾರೆ.

ಹುಡುಕುತ್ತಿರುವುದು ಸ್ವಂತ ಓರಗಿತ್ತಿಯ ಕಳ್ಳತನದ ಗುರುತನ್ನು. ಕೆಳಗಿನ ನಾಲ್ಕು ಪಾತಿ ಓರಗಿತ್ತಿಯ ಪಾಲಿನವು. ಅಲ್ಲಿಂದ ಅಗೆದು ಒಣಗಿಸಿದ ಬೇರನ್ನು ನಿನ್ನೆ ಸಂಜೆ ಅಗಿದಾಗ ಅಕ್ಕನ ನಾಲಿಗೆ ಜುಮ್ಮೆನ್ನಲಿಲ್ಲ. ಯಾವುದೋ ಕಾಡುಬೇರು ಬೆರೆಸಿ ಒಳ್ಳೆಯದನ್ನು ಹೊರಗೆ ಸಾಗಿಸಿದ್ದಾಳೆ ಎಂದು ಅಕ್ಕನ ಮನಸ್ಸು ತೀರ್ಪು ಕೊಟ್ಟಾಗಿದೆ. ಸಾಕ್ಷಿಯೂ ಉಂಟು: ಹೋದ ವಾರ ಎರಡು ಸಲ ಕೈಚೀಲ ಹಿಡಿದು ಹೊರಗೆ ಹೋಗಿದ್ದಳು, ಮೂರು ದಿನದಿಂದ ಬೇಕಿಲ್ಲದಷ್ಟು ನಗುತ್ತಿದ್ದಳು. ಒಂಬತ್ತಕ್ಕೆ ಉಗ್ರಾಣದವರು ವ್ಯಾನು ತರುತ್ತಾರೆ. ಅಕ್ಕ "ಇದು ನಮ್ಮದಲ್ಲ" ಎಂದರೆ ಓರಗಿತ್ತಿಯ ನಾಲ್ಕು ವರ್ಷದ ದುಡಿಮೆ ತಿಪ್ಪೆಗೆ, ಪಾತಿಗಳು ಬೇರೆಯವರ ಕೈಗೆ.

ಇಬ್ಬರದೂ ಒಂದೇ ಅಡುಗೆಮನೆ. ನಿನ್ನೆ ಸಂಜೆ ಅಕ್ಕ ಆ ಮಾತನ್ನು ಎಲ್ಲರೆದುರು ಆಡಿದಾಗಿನಿಂದ ಉಪ್ಪಿನ ಡಬ್ಬಿ ಬೇಕಾದರೂ ಗೋಡೆಗೆ ಹೇಳಿ ಕೇಳುತ್ತಿದ್ದಾರೆ.

ಕಾರ್ಖಾನೆಯ ಚೀಟಿಯಲ್ಲಿ ಈ ಗಿಡ ಎಕಿನೇಶಿಯಾ. ತೋಟದವರ ಬಾಯಲ್ಲಿ ಮುಳ್ಳುಹಂದಿ ಹೂವು. ಗುಲಾಬಿ ಬಣ್ಣದ ಎಸಳು ಲಂಗದಂತೆ ಕೆಳಗೆ ಜೋತಿದ್ದರೆ ನಡುವೆ ಮುಳ್ಳುಮುಳ್ಳಾದ ಕಂದು ಗುಬುಟು. ಅಜ್ಜಿಕಥೆಯ ರಾಕ್ಷಸನ ಪ್ರಾಣ ಎಲ್ಲೋ ದೂರದ ಗಿಳಿಯಲ್ಲಿರುವ ಹಾಗೆ, ಇದರ ಸತ್ವವೆಲ್ಲ ಕಣ್ಣಿಗೆ ಕಾಣದ ಬೇರಿನಲ್ಲಿ ಅಡಗಿದೆ ಎನ್ನುತ್ತಾರೆ ಅಕ್ಕ.

ಇಪ್ಪತ್ತೆರಡಕ್ಕೆ ಮಾವನ ಹಿಂದೆ ಈ ತೋಟಕ್ಕೆ ಬಂದವರಿಗೆ ಈಗ ಐವತ್ತಾರು. ಹನ್ನೊಂದು ಪಾತಿ, ನಾನೂರ ಅರವತ್ತು ಗಿಡ. ದಿನವಿಡೀ ಬಿಸಿಲು ಬೀಳಬೇಕು, ನೀರು ವಾರಕ್ಕೊಮ್ಮೆ ಸಾಕು. ಚಳಿಗೆ ಮೇಲೆಲ್ಲ ಒಣಗಿ ಸತ್ತಂತೆ ಮಲಗಿ ಮತ್ತೆ ಚಿಗುರುವ ಗಿಡವಿದು. "ನೀರು ಜಾಸ್ತಿ ಹಾಕಿ ಮುದ್ದು ಮಾಡಿದ್ರೆ ಕೊಳೆತು ಹೋಗುತ್ತೆ. ಸ್ವಲ್ಪ ಗದರಿಸ್ಕೊಂಡೇ ಬೆಳೆಸ್ಬೇಕು," ಎನ್ನುತ್ತಾರೆ. ಮೊದಲ ವರ್ಷದ ಮೊಗ್ಗನ್ನೆಲ್ಲ ಚಿವುಟಿಬಿಡುತ್ತಾರೆ, ಬಲ ಬೇರಿಗೆ ಇಳಿಯಲಿ ಎಂದು. ಅಗೆಯುವುದು ನಾಲ್ಕನೇ ವರ್ಷ.

ಅನುಮಾನ ಹುಟ್ಟುಗುಣವಲ್ಲ. ಎಂಟು ವರ್ಷದ ಹಿಂದೆ ಪರಿಚಯದವರೊಬ್ಬರು ಹೊರಗಿನಿಂದ ತಂದ ಬೇರನ್ನು ಅಕ್ಕ ಅಗಿಯದೆಯೇ ಸೇರಿಸಿಕೊಂಡಿದ್ದರು. ಅದು ಬೇರೆ ಗಿಡದ್ದು. ಹದಿನಾಲ್ಕು ಚೀಲವೂ ವಾಪಸು ಬಂತು. "ಮುಖ ನೋಡಿ ನಂಬಿದೆ. ಅಷ್ಟೇ ನಾನು ಮಾಡಿದ್ದು," ಎನ್ನುವಾಗ ಈಗಲೂ ಅವರ ಕಣ್ಣು ನೆಲ ನೋಡುತ್ತದೆ. ಅಂದಿನಿಂದ ಬೇರು ಒಣಗಿಸುವ ಪ್ರತಿ ತಟ್ಟೆಯಿಂದಲೂ ಒಂದು ಚೂರು ಅವರ ಹಲ್ಲಿಗೆ ಸಿಗಲೇಬೇಕು. ನಿಜವಾದ ಬೇರು ನಾಲಿಗೆ ಮೇಲೆ ಇರುವೆ ಬಿಟ್ಟಂತೆ ಚುರುಗುಟ್ಟಿ, ಆಮೇಲೆ ಮರಗಟ್ಟಿಸುತ್ತದೆ.

ಏಳು ಗಂಟೆಗೆ ಓರಗಿತ್ತಿ ಬಂದು ಎದುರಿಗೆ ನಿಲ್ಲುತ್ತಾರೆ. ಅಂಗೈಯಲ್ಲಿ ಒಂದು ಚೂರು ಬೇರು.

"ಚಹಾ ಕುಡಿದ್ಯಾ ಅಕ್ಕಾ?"

"ಇನ್ನೂ ಇಲ್ಲ. ಯಾಕೆ, ಅದರಲ್ಲೂ ಏನಾದ್ರೂ ಬೆರೆಸಿದ್ಯಾ?"

"ಕುಡಿದಿಲ್ಲ ತಾನೆ, ನಾಲಿಗೆ ಇನ್ನೂ ಚೊಕ್ಕ ಇದೆ. ಹಾಗಾದ್ರೆ ಇದನ್ನ ಅಗಿ."

ಅಕ್ಕ ಚೂರನ್ನು ತಿರುಗಿಸಿ, ಮೂಸಿ, ನಿನ್ನೆಯ ತಟ್ಟೆಯದಲ್ಲ ಎಂದು ಪಕ್ಕಕ್ಕಿಡುತ್ತಾರೆ. ತಾವೇ ಎದ್ದು ಹೋಗಿ ಓರಗಿತ್ತಿಯ ತಟ್ಟೆಯ ಅಡಿಗೆ ಕೈ ತೂರಿಸಿ ಇನ್ನೊಂದು ಚೂರು ಆರಿಸಿ ಬಾಯಿಗೆ ಹಾಕಿಕೊಳ್ಳುತ್ತಾರೆ. ಒಂದು ನಿಮಿಷ. ಕೆನ್ನೆ ಅದುರುತ್ತದೆ, ಬಾಯಲ್ಲಿ ನೀರೂರುತ್ತದೆ. ಇನ್ನೊಂದು ತಟ್ಟೆ, ಅದೂ ಹಾಗೇ.

"ನಿನ್ನೆ ನನ್ನದಕ್ಕಿಂತ ಮೊದಲು ಎಷ್ಟು ತಟ್ಟೆ ಅಗಿದಿದ್ದೆ?" ಓರಗಿತ್ತಿ ಕೇಳುತ್ತಾರೆ.

ಇಪ್ಪತ್ತಾರು. ಎಲ್ಲವೂ ಅಕ್ಕನ ಸ್ವಂತ ಪಾತಿಯವು. ಒಳ್ಳೆಯ ಬೇರುಗಳೇ ಸೇರಿ ನಾಲಿಗೆಯನ್ನು ಕಟ್ಟಿಹಾಕಿದ್ದವು. ಆ ನಾಲಿಗೆಗೆ ಅಮೃತ ಇಟ್ಟಿದ್ದರೂ ಸಪ್ಪೆಯೇ.

ಹೊರಗೆ ಹೋಗಿದ್ದ ಕೈಚೀಲದ ಸಂಗತಿಯನ್ನೂ ಅಕ್ಕ ಕೇಳದೆ ಬಿಡುವುದಿಲ್ಲ. ಹರಿದ ಚಪ್ಪಲಿ ಹೊಲಿಸಲು ಹೋಗಿದ್ದಂತೆ. ಎರಡು ಚಪ್ಪಲಿ, ಎರಡು ಸಲ. ಅಕ್ಕ ಹೊಲಿಗೆಯನ್ನು ಬಗ್ಗಿ ನೋಡುತ್ತಾರೆ.

ವ್ಯಾನು ಬಂದಾಗ ತೋಟದ ಅಷ್ಟೂ ಜನ ನಿಂತಿರುತ್ತಾರೆ. ಕೆಳಗಿನ ಪಾತಿಯದೇನೋ ತಕರಾರಿದೆಯಂತಲ್ಲ ಎಂದು ಉಗ್ರಾಣದವರು ಕೇಳುತ್ತಾರೆ. ತಮ್ಮ ತಪ್ಪು ಮುಚ್ಚಿಹಾಕಲು ಅಕ್ಕನಿಗೆ ಅದೊಂದೇ ಅವಕಾಶ. ಅಕ್ಕ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಾರೆ.

"ಬೇರು ಸರಿಯಾಗಿದೆ. ಕೆಟ್ಟಿದ್ದು ನನ್ನ ನಾಲಿಗೆ. ಅವಳ ಮೇಲೆ ಸುಳ್ಳು ಹೊರಿಸಿದೆ."

ಓರಗಿತ್ತಿ ಚೀಲದ ಒಂದು ಕಿವಿ ಹಿಡಿಯುತ್ತಾರೆ. ಇನ್ನೊಂದು ಕಿವಿಗೆ ಅಕ್ಕ ಕೈ ಹಾಕುತ್ತಾರೆ. ವ್ಯಾನು ಹೊರಟ ಮೇಲೂ, ದಾರಿಯಲ್ಲಿ ಚೀಲ ಬದಲಾಗದಿರಲಿ ಎಂದು ಅಕ್ಕ ಗೇಟಿನವರೆಗೆ ಹಿಂದೆಯೇ ನಡೆಯುತ್ತಾರೆ.

ಇನ್ನೇನು ಆಸೆ ಉಳಿದಿದೆ ಎಂದು ಕೇಳಿದರೆ ಓರಗಿತ್ತಿಯ ಪಾತಿಗಳತ್ತ ಕೈ ತೋರಿಸುತ್ತಾರೆ.

"ಇನ್ಮೇಲೆ ನನ್ನ ಬೇರನ್ನ ಅವಳು ಅಗಿದು ನೋಡ್ಲಿ. ಅಕ್ಕ ಅಂತ ಸುಮ್ನೆ ಹ್ಞೂಂ ಅನ್ಬಾರ್ದು. ಚೆನ್ನಾಗಿ ಅನುಮಾನ ಪಟ್ಟು ಹ್ಞೂಂ ಅಂದ್ರೆ, ಅಷ್ಟು ಸಾಕು ನಂಗೆ."