ಬ್ರೇಕ್ ಆಯಿಲ್ ಮೇಲೆ ನಾನು ಗೆದ್ದ ವಾದ

ಕಳೆದ ವರ್ಷ ನನ್ನ ಚಿಕ್ಕಪ್ಪನ ಮಗ ವೀರೇಶ ಬೈಕಿನಿಂದ ಬಿದ್ದು ಭುಜದ ಎಲುಬು ಮುರಿದುಕೊಂಡದ್ದು ಅವನ ಜಿಪುಣತನದಿಂದ ಎಂದು ಕೊಟ್ಟೂರಿನ ನಮ್ಮ ಮನೆಮಂದಿಯೆಲ್ಲ ಇಂದಿಗೂ ಹೇಳುತ್ತಾರೆ. ಪುರಾವೆ ಏನು ಎಂದು ಯಾರೂ ಕೇಳಿಲ್ಲ. ಎಲ್ಲದಕ್ಕೂ ಪುರಾವೆ ಕೇಳುವ ನಾನೂ ಕೇಳಲಿಲ್ಲ. ನನಗೆ ಉತ್ತರ ಗೊತ್ತಿತ್ತು.

ಆ ಬೈಕ್ ಬಂದ ದಿನ ನಮ್ಮವ್ವನೇ ಅದಕ್ಕೆ ಕುಂಕುಮ ಹಚ್ಚಿ, "ಹೆಂಗ ಮಿಂಚತೈತಿ ನೋಡು" ಎಂದಿದ್ದಳು. ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದು ತಂದ ಕಪ್‌ಗಳ ಧೂಳನ್ನೂ ಅವಳು ಒರೆಸಿದವಳಲ್ಲ. ನನ್ನದು ಅಪ್ಪನ ಹಳೇ ಗಾಡಿ. ವೀರೇಶ ಹರಪನಹಳ್ಳಿಯ ಶೋರೂಮಿನಲ್ಲಿ ಸರ್ವಿಸ್ ಮಾಡಿಸಿಕೊಂಡು ಓಣಿಗೆ ಬಂದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತಿತ್ತು.

ಒಮ್ಮೆ ಜೊತೆಗೆ ನಾನೂ ಹೋಗಿದ್ದೆ. "ಎರಡು ವರ್ಷ ಆತ್ರಿ, ಬ್ರೇಕ್ ಆಯಿಲ್ ಬದಲಿ ಮಾಡ್ಬೇಕು" ಎಂದರು ಅಲ್ಲಿನವರು.

"ಎರಡು ವರ್ಷ ಆಗಿದ್ದು ಆಯಿಲ್‌ಗೆ ಹೆಂಗ ಗೊತ್ತಾಕ್ಕೈತ್ರಿ? ಮುಚ್ಚಿದ ಡಬ್ಬಿಯೊಳಗಿಂದು ಕೆಡೋದು ಹೆಂಗ? ಪರೀಕ್ಷೆ ಮಾಡೀರೇನು? ಮಾಡಿಸಿದ್ರೂ ಶೋರೂಮಿನ್ಯಾಗ ಯಾಕ ಮಾಡಿಸ್ಬೇಕು?" ಎಂದೆ.

ಕಾಯುತ್ತ ಕುಳಿತ ಮಂದಿ ಗೊಳ್ಳೆಂದು ನಕ್ಕರು. ವೀರೇಶ ನನ್ನ ಮುಖ ನೋಡಿದ. "ಬ್ಯಾಡ ಬಿಡ್ರಿ" ಎಂದ. ನನ್ನ ಗಾಡಿಗೆ ಬ್ರೇಕ್ ಆಯಿಲೇ ಇಲ್ಲ, ಬರೀ ಕೇಬಲ್ ಎಂಬುದನ್ನು ನಾನು ಬಾಯಿಬಿಡಲಿಲ್ಲ.

ಅದಾಗಿ ಎರಡು ವರ್ಷಕ್ಕೆ, ಕೂಡ್ಲಿಗಿ ಕಡೆಯಿಂದ ಬರುತ್ತಿದ್ದೆವು. ನಾನು ಹಿಂದೆ ಕುಳಿತಿದ್ದೆ. ಉದ್ದನೆಯ ಇಳಿಜಾರು, ಅವನು ಬ್ರೇಕ್ ಹಿಡಿದೇ ಇಳಿಸುತ್ತಿದ್ದ. ಕೆಳಗೆ ಅರ್ಧ ರಸ್ತೆಗೆ ಮೆಕ್ಕೆಜೋಳ ಒಣಹಾಕಿ, ಒಬ್ಬ ಅಜ್ಜಿ ಕಾಲಿನಿಂದ ಕಾಳು ತಿರುವುತ್ತಿದ್ದಳು.

"ಲೇ, ಬ್ರೇಕ್ ಹತ್ತವಲ್ದು!"

ಅಜ್ಜಿಯನ್ನು ತಪ್ಪಿಸಲು ಅವನು ಗಾಡಿಯನ್ನು ಕಾಳಿನ ಮೇಲೆಯೇ ತಿರುಗಿಸಿದ. ಹಿಂದಿನ ಬ್ರೇಕ್ ತುಳಿದದ್ದೇ ತಡ, ಜಾರಿತು. ನಾನು ಮೆಕ್ಕೆಜೋಳದ ಮೇಲೆ ಬಿದ್ದೆ, ಅವನು ಡಾಂಬರಿನ ಮೇಲೆ.

"ಬೀಳಾಕ ನನ್ನ ಜ್ವಾಳನ ಬೇಕಿತ್ತೇನ್ರೋ?" ಎಂದು ಬೈಯುತ್ತಲೇ ಅಜ್ಜಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ನನ್ನತ್ತ ನೋಡಲೂ ಇಲ್ಲ. ಹೇಳಲು ನಾಚಿಕೆ, ಆಗಲೂ ನನಗೆ ಹೊಟ್ಟೆಕಿಚ್ಚಾಯಿತು.

ಊರಿನ ಮೆಕ್ಯಾನಿಕ್ ಚಹಾದ ಡಿಕಾಕ್ಷನ್‌ನಂತಿದ್ದ ಆಯಿಲ್ ತೆಗೆದು ತೋರಿಸಿದ. "ನೀರಿನ ಪಸಿ ಹೀರ್ಕೊಂಡೈತ್ರಿ. ಕಾಯ್ದ ಕೂಡ್ಲೇ ಗುಳ್ಳಿ ಏಳ್ತಾವ, ಬ್ರೇಕ್ ಹತ್ತಂಗಿಲ್ಲ. ಶೋರೂಮಿಗೇ ಹೋಗ್ಬೇಕಂತೇನಿಲ್ಲ, ನಾನೂ ಹಾಕಿಕೊಡ್ತಿದ್ದೆ. ಆದ್ರ ಬದಲಿ ಮಾಡಿಸ್ಬೇಕಿತ್ತು."

ಅಂದರೆ ಶೋರೂಮೇ ಬೇಕಿಲ್ಲ ಎಂಬಷ್ಟರ ಮಟ್ಟಿಗೆ ನನ್ನ ಅರ್ಧ ವಾದ ಸರಿ. ಮುರಿದ ಎಲುಬು ಮಾತ್ರ ಅವನದು.

ಮನೆಯವರು ಜಿಪುಣ ಎಂದಾಗ ವೀರೇಶ ಸುಮ್ಮನೆ ನಗುತ್ತಾನೆ. ಈವರೆಗೆ ನನ್ನ ಹೆಸರು ಎತ್ತಿಲ್ಲ. ಈಗ ನನಗೆ ಬೈಕಿಗಿಂತ ಅವನ ಆ ನಗು ಕಂಡರೆ ಹೊಟ್ಟೆ ಉರಿಯುತ್ತದೆ. ಮೊನ್ನೆ ಕಡೆಗೂ ಕೇಳಿದೆ:

"ವೀರೇಶ, ಅವತ್ತು ನನ್ನ ಮಾತು ನಂಬಿ ಬ್ಯಾಡ ಅಂದ್ಯೋ, ಇಲ್ಲಾ ಮಂದಿ ಮುಂದ ನಾನು ಸೋಲಬಾರದಂತ ಅಂದ್ಯೋ?"